ಆ ಮಾತು ಜಾಕ್ಸನ್ ಸ್ವಂತದ್ದಲ್ಲ

‘ನೀನು ಏನಾಗಬೇಕೆಂದು ಗಟ್ಟಿ ಮನಸ್ಸು ಮಾಡುತ್ತೀಯೋ ಅದೇ ಆಗಬಲ್ಲೆ.’ ಈ ಸಾಲನ್ನು ಅಮೆರಿಕದ ಸೇನಾನಿ ಥಾಮಸ್ ‘ಸ್ಟೋನ್‌ವಾಲ್’ ಜಾಕ್ಸನ್ ರಚಿಸಿದ್ದು ಎಂದು ಹಂಚಲಾಗುತ್ತಿದೆ. ಅದು ಸರಿಯಲ್ಲ.

ಜಾಕ್ಸನ್ ಒಂದು ಪುಟ್ಟ ಪುಸ್ತಕದಲ್ಲಿ ತನಗೆ ಹಿಡಿಸಿದ ನೀತಿಮಾತುಗಳನ್ನು ಬರೆದಿಟ್ಟುಕೊಂಡಿದ್ದ. ಈ ಸಾಲೂ ಅಲ್ಲಿದೆ. ಆದರೆ ಇದು ಕನೆಕ್ಟಿಕಟ್‌ನ ಪಾದ್ರಿ ಜೋಯೆಲ್ ಹಾಸ್ ಅವರ ಮಾತು. ಯುವಕರಿಗೆಂದೇ ಅವರು ಬರೆದ ಬರಹದಿಂದ ಬಂದದ್ದು. ಜಾಕ್ಸನ್ ತೀರಿಕೊಂಡ ಮೇಲೆ, 1892ರಲ್ಲಿ, ಪತ್ನಿ ಮೇರಿ ಆನಾ ತಮ್ಮ ಪುಸ್ತಕದಲ್ಲಿ ಈ ಮಾತುಗಳನ್ನು ಅಚ್ಚು ಹಾಕಿಸಿದರು. ಆ ಸಾಲನ್ನು ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಎಂಬ ಸೈನಿಕ ಕಾಲೇಜಿನ ಕಮಾನಿನ ಮೇಲೂ ಜಾಕ್ಸನ್ ಹೆಸರಿನೊಂದಿಗೆ ಹಾಕಲಾಗಿತ್ತು. ಜನ ಅವನದೇ ಅಂದುಕೊಳ್ಳುವುದು ಸಹಜ ಅಲ್ವಾ?

ಅವನ ಬದುಕಿಗೆ ಆ ಸಾಲು ಹೊಂದುತ್ತದೆ, ನಿಜ. 1842ರಲ್ಲಿ ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ ಸೇರಿದಾಗ ಓದಿನಲ್ಲಿ ತುಂಬಾ ಹಿಂದಿದ್ದ. ರಾತ್ರಿಯೆಲ್ಲ ಓದಿ 1846ರಲ್ಲಿ 59 ಜನರಲ್ಲಿ 17ನೆಯವನಾಗಿ ಹೊರಬಂದ. 1851ರಲ್ಲಿ ಲೆಕ್ಸಿಂಗ್ಟನ್‌ನಲ್ಲಿರುವ ಅದೇ ವರ್ಜೀನಿಯಾ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರೊಫೆಸರ್ ಆದ. ಆದರೆ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ, ವಿದ್ಯಾರ್ಥಿಗಳು ಅವನನ್ನು ಗೇಲಿ ಮಾಡುತ್ತಿದ್ದರು. ಹಂಚಿಕೆಯಾಗುವ ಪೋಸ್ಟ್‌ಗಳಲ್ಲಿ ಇದು ಇರುವುದಿಲ್ಲ. ಅವನು ಗುಲಾಮರನ್ನು ಇಟ್ಟುಕೊಂಡಿದ್ದ, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಪರ ಯುದ್ಧ ಮಾಡಿದ ಎಂಬುದೂ ಇರುವುದಿಲ್ಲ. ಇದನ್ನು ಬಿಟ್ಟು ಅವನನ್ನು ಸುಮ್ನೆ ಆದರ್ಶ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಅವನು ತಂಗಿ ಲಾರಾಗೆ ಬರೆದ ಕಾಗದಗಳು ಅದೇ ಇನ್‌ಸ್ಟಿಟ್ಯೂಟ್‌ನ ಸಂಗ್ರಹದಲ್ಲಿವೆ. ಜಾಕ್ಸನ್ ಸ್ವಂತ ಮಾತು ಬೇಕೆನ್ನುವವರು ಅವನ್ನು ಓದಲಿ. ಈ ಸಾಲನ್ನು ಹಂಚುವವರು ದಯವಿಟ್ಟು ಹಾಸ್ ಹೆಸರು ಹಾಕಿ.