ಕಾರಿನ ಉಸಿರನ್ನು ಅಳೆದು ನೋಡಿದೆವು

ಎರಡು ತಿಂಗಳ ಹಿಂದೆ ನನ್ನ ಅಕ್ಕನ ಮಗ ತನ್ನ ಕಾರಿಗೆ, ಎಂಜಿನ್ನಿಗೆ ಗಾಳಿ ಒಯ್ಯುವ ಹೊಸ ಏರ್ ಇನ್‌ಟೇಕ್ ಹಾಕಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದ. ಬಾನೆಟ್ ಎತ್ತಿ ತೋರಿಸಿದ. ಕಾರ್ಖಾನೆಯಿಂದ ಬಂದಿದ್ದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯ ಜಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಅದರ ತುದಿಯಲ್ಲಿ ಕೆಂಪು ಬಟ್ಟೆಯ ಶಂಕುವಿನಾಕಾರದ ಫಿಲ್ಟರ್. ಬೆಲೆ 18,000 ರೂಪಾಯಿ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗ ಅವನು.

"ಮಾವ, ಎಂಜಿನ್ ಶಕ್ತಿ ಎಂಟು ಬಿಎಚ್‌ಪಿ ಹೆಚ್ಚಾಗಿದೆ. ನೀವೇ ಓಡಿಸಿ ನೋಡಿ" ಎಂದ. ಓಡಿಸಿದೆ. ಆಕ್ಸಿಲರೇಟರ್ ಒತ್ತಿದೊಡನೆ ಬಾನೆಟ್ಟಿನ ಕೆಳಗಿಂದ ಗಡಸಾದ ಗರ್ಜನೆ ಎದ್ದಿತು. ಪಿಕಪ್ ಚುರುಕಾಗಿದೆ ಎಂದು ನನಗೂ ಅನ್ನಿಸಿತು. ಆ "ಅನ್ನಿಸಿತು" ಎಂಬುದೇ ರಾತ್ರಿಯೆಲ್ಲ ನನ್ನನ್ನು ಕಾಡಿತು. ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ 22 ವರ್ಷ ಗುಣಮಟ್ಟ ಪರೀಕ್ಷೆಯ ಮೇಜಿನ ಮುಂದೆ ಕುಳಿತವನು ನಾನು. ಅಲ್ಲಿ ಅನ್ನಿಸಿಕೆಯ ಮೇಲೆ ಒಂದು ಬೋಲ್ಟನ್ನೂ ಪಾಸು ಮಾಡುವಂತಿಲ್ಲ, ಮೈಕ್ರೋಮೀಟರ್ ಹೇಳಬೇಕು. ಮರುದಿನ ಅವನಿಗೆ ಫೋನ್ ಮಾಡಿ, "ಹಳೆಯ ಪೆಟ್ಟಿಗೆಯನ್ನು ಎಸೆದಿಲ್ಲ ತಾನೆ? ಜೋಪಾನವಾಗಿಡು, ಅಳೆದು ನೋಡೋಣ" ಎಂದೆ.

ಮಾರುವವರು ಹೇಳುವ ತತ್ವದಲ್ಲಿ ಸುಳ್ಳಿಲ್ಲ. ಎಂಜಿನ್ನಿಗೆ ಗಾಳಿಯೇ ಊಟ. 1.2 ಲೀಟರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸುಮಾರು 3,600 ಲೀಟರ್ ಗಾಳಿಯನ್ನು ನುಂಗಬೇಕು, ಅಂದರೆ ಸೆಕೆಂಡಿಗೆ 60 ಲೀಟರ್. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂನಷ್ಟು ಗಾಳಿ ಬೇಕು. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಉರಿಸಬಹುದು, ಶಕ್ತಿಯೂ ಹೆಚ್ಚು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳನ್ನು ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಂಡಿಯ ಮೂಲಕ ಹೋಗಬೇಕೆಂಬ ನಿಯಮವಿದೆ. ಶಕ್ತಿಗೆ ಕಡಿವಾಣ ಹಾಕಲು ಅಷ್ಟು ಸಾಕು. ಆದ್ದರಿಂದ ಗಾಳಿಯ ದಾರಿ ಮುಖ್ಯವೋ ಅಲ್ಲವೋ ಎಂಬ ಚರ್ಚೆಯೇ ಬೇಡ. ನಮ್ಮ ಕಾರಿನ ಕಪ್ಪು ಪೆಟ್ಟಿಗೆ ನಿಜವಾಗಿ ಉಸಿರು ಕಟ್ಟಿಸುತ್ತಿದೆಯೇ ಎಂಬುದನ್ನು ಮಾತ್ರ ತಿಳಿಯಬೇಕಿತ್ತು.

ಅದನ್ನು ತಿಳಿಯಲು ಲಕ್ಷಾಂತರ ರೂಪಾಯಿಯ ಯಂತ್ರ ಬೇಡ ಎಂಬುದನ್ನು ಎಲ್ಲ ಹುಡುಗರಿಗೂ ಕೂಗಿ ಹೇಳಬೇಕೆನಿಸುತ್ತದೆ. ಸ್ಟೀರಿಂಗ್ ಕೆಳಗೆ ಇರುವ, ಕಾರಿನ ಸೆನ್ಸರುಗಳ ಅಂಕಿಗಳನ್ನು ಕೊಡುವ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ರೀಡರ್ ಒಂದು, ಮೊಬೈಲ್ ಒಂದು ಇದ್ದರೆ ಸಾಕು. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಇರುತ್ತದೆ. ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿದರೆ ಅದು ಹೊರಗಿನ ಗಾಳಿಯ ಒತ್ತಡವನ್ನು ತೋರಿಸುತ್ತದೆ. ಸಮುದ್ರಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್. ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ 91ರ ಆಸುಪಾಸು. ಈಗ ಕಾರು ಓಡಿಸಿ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ. 6,000 ಸುತ್ತಿನ ಹತ್ತಿರ ಅದೇ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಿ. ಹೊರಗಿನ ಒತ್ತಡಕ್ಕೂ ಒಳಗಿನದಕ್ಕೂ ಇರುವ ವ್ಯತ್ಯಾಸವೇ ಫಿಲ್ಟರ್, ಪೆಟ್ಟಿಗೆ, ಕೊಳವೆ ಎಲ್ಲವೂ ಸೇರಿ ಕಸಿದುಕೊಳ್ಳುತ್ತಿರುವ ಗಾಳಿ. ಹುಡುಗ ಹಾಕಿಸಿದಂಥ ಯಾವ ಇನ್‌ಟೇಕ್ ಕಿಟ್ ಹಾಕಿದರೂ ಅದಕ್ಕಿಂತ ಹೆಚ್ಚನ್ನು ಹಿಂದಕ್ಕೆ ತಂದುಕೊಡುವುದು ಕಷ್ಟ.

ಭಾನುವಾರ ಬೆಳಗಿನ ಐದೂವರೆಗೆ ಹೊರಟು ನೆಲಮಂಗಲ ದಾಟಿ, ದಾಬಸ್‌ಪೇಟೆ ಕಡೆಗೆ ರಸ್ತೆ ನೇರವಾಗಿರುವ ಒಂದು ಜಾಗ ಆರಿಸಿಕೊಂಡೆವು. ಡಿಕ್ಕಿಯಲ್ಲಿ ಹಳೆಯ ಪೆಟ್ಟಿಗೆ ಮತ್ತು ಅದಕ್ಕೆ ಹೊಸದಾಗಿ ತಂದ ಕಾಗದದ ಫಿಲ್ಟರ್ ಇತ್ತು. ಮೊದಲು ಕಿಟ್, ಆಮೇಲೆ ಹಳೆಯ ಪೆಟ್ಟಿಗೆ, ಮತ್ತೆ ಕಿಟ್. ಈ ಮೂರನೆಯ ಸರದಿಯನ್ನು ಬಿಟ್ಟರೆ ಪರೀಕ್ಷೆಯೇ ಕೆಟ್ಟಂತೆ. ಬಿಸಿಲೇರಿದಂತೆ ಗಾಳಿ ಬದಲಾಗುತ್ತದೆ, ಟೈರು ಬಿಸಿಯಾಗುತ್ತದೆ, ಮೊದಲಿನದಕ್ಕೆ ಮರಳಿ ನೋಡದಿದ್ದರೆ ಏನು ಬದಲಾದದ್ದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಹತ್ತನೇ ನಂಬರಿನ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಹಿಡಿದರೆ ಬದಲಾವಣೆಗೆ ಇಪ್ಪತ್ತು ನಿಮಿಷ ಸಾಕು. ಮೂರನೆಯ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಎಂದು ಪ್ರತಿ ಸರದಿಗೆ ಹತ್ತು ಓಟ, ಹೋಗುವಾಗ ಐದು, ಬರುವಾಗ ಐದು. ಕಣ್ಣಿಗೆ ಕಾಣದ ಇಳಿಜಾರು ಮತ್ತು ಎದುರುಗಾಳಿ ಎರಡೂ ಹೀಗೆ ಕಳೆದುಹೋಗುತ್ತವೆ. ವೇಗದ ಮಿತಿಯೊಳಗೇ ಇದ್ದೆವು, ರಸ್ತೆ ಖಾಲಿಯಿದ್ದಾಗ ಮಾತ್ರ ಓಡಿಸಿದೆವು, ಮೊಬೈಲ್ ನೋಡುವುದು ಮತ್ತು ಬರೆದುಕೊಳ್ಳುವುದು ಪಕ್ಕದಲ್ಲಿ ಕುಳಿತ ನನ್ನ ಕೆಲಸವಾಗಿತ್ತು.

ಕೀ ತಿರುಗಿಸಿದಾಗ 91. ಹಳೆಯ ಪೆಟ್ಟಿಗೆಯಲ್ಲಿ ಎರಡನೆಯ ಗೇರಿನಲ್ಲಿ ಪೂರ್ತಿ ಒತ್ತಿ 6,000ದ ಹತ್ತಿರ ಹೋದಾಗ 89, ಒಮ್ಮೆ 88. ಕಿಟ್ ಹಾಕಿದಾಗ 89, ಒಮ್ಮೆ 90. ಒಂದು ಕಿಲೋಪ್ಯಾಸ್ಕಲ್ ಎಂದರೆ ನೂರಕ್ಕೆ ಒಂದು. 82 ಬಿಎಚ್‌ಪಿಯ ಕಾರಿನಲ್ಲಿ ಅದು ಒಂದು ಬಿಎಚ್‌ಪಿಯೂ ಆಗುವುದಿಲ್ಲ. ಸೆಕೆಂಡುಗಳ ಪಟ್ಟಿಯೂ ಅದನ್ನೇ ಹೇಳಿತು. ಒಂದೇ ಸರದಿಯ ಅತಿ ವೇಗದ ಓಟಕ್ಕೂ ಅತಿ ನಿಧಾನದ ಓಟಕ್ಕೂ ಅರ್ಧ ಸೆಕೆಂಡು ಅಂತರವಿತ್ತು, ಸರದಿಗಳ ಸರಾಸರಿಗಳ ನಡುವೆ ಅದರ ಕಾಲುಭಾಗವೂ ಇರಲಿಲ್ಲ. ಹುಡುಗ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಪಟ್ಟಿಯನ್ನು ಮೂರು ಸಲ ಕೂಡಿ ಭಾಗಿಸಿದ. ಅವನ ಮುಖ ನೋಡಿ ನನಗೆ ಸಂಕಟವಾಯಿತು.

ಹಾಗಾದರೆ ಆ ಗರ್ಜನೆ? ಕಾರ್ಖಾನೆಯ ಪೆಟ್ಟಿಗೆಯ ಪಕ್ಕದಲ್ಲಿ ಬಾಯಿ ಸಣ್ಣದಾಗಿರುವ ಒಂದು ಟೊಳ್ಳು ಡಬ್ಬಿ ಅಂಟಿಕೊಂಡಿರುತ್ತದೆ. ಎಂಜಿನ್ ಗಾಳಿ ಎಳೆಯುವಾಗ ಏಳುವ ಸದ್ದನ್ನು ನುಂಗುವುದಕ್ಕೆಂದೇ ಎಂಜಿನಿಯರುಗಳು ಲೆಕ್ಕ ಹಾಕಿ ಇಟ್ಟದ್ದು ಅದು. ಅದನ್ನು ತೆಗೆದೊಡನೆ ಮೊದಲೂ ಇದ್ದ ಸದ್ದು ಈಗ ಕಿವಿಗೆ ಬೀಳುತ್ತದೆ. ಕಿವಿ ಕೇಳಿದ್ದನ್ನು ಬೆನ್ನು ನಂಬುತ್ತದೆ. ಆ ಸದ್ದು ಇಷ್ಟವಾಗಿ, ಸದ್ದಿಗೆಂದೇ ಹಣ ಕೊಡುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಶಕ್ತಿ ಎಂದು ಹೇಳಿ ಸದ್ದನ್ನು ಮಾರುವುದು ಮೋಸ.

ಮರಳಿ ಬರುವಾಗ ಕಿಟ್ ಕಾರಿನಲ್ಲೇ ಇತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಭಾನುವಾರವೂ ಹತ್ತು ನಿಮಿಷ ತೆವಳಿದೆವು. ಹೊರಗೆ 27 ಡಿಗ್ರಿ. ಎಂಜಿನ್ ಎಳೆದುಕೊಳ್ಳುತ್ತಿದ್ದ ಗಾಳಿ ಮೊಬೈಲಿನಲ್ಲಿ 45, 52, 58 ಎಂದು ಏರಿ 61ಕ್ಕೆ ನಿಂತಿತು. ಮುಂದಿನ ಭಾನುವಾರ ಅದೇ ಹೊತ್ತಿಗೆ, ಅಲ್ಲೇ, ಹಳೆಯ ಪೆಟ್ಟಿಗೆಯೊಂದಿಗೆ 44. ಕಾರಣ ಬಾನೆಟ್ ತೆರೆದರೆ ಕಾಣುತ್ತದೆ: ಕಾರ್ಖಾನೆಯ ಪೆಟ್ಟಿಗೆಯ ಮೂತಿ ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿನ ಬಿಸಿ ತಾಗದ ಕಡೆ ಚಾಚಿಕೊಂಡಿರುತ್ತದೆ. ತಂಪು ಗಾಳಿಯ ದಾರಿ ಮೊದಲೇ ಅಲ್ಲಿತ್ತು. ಅದನ್ನು ಬಿಚ್ಚಿಟ್ಟು, ಎಂಜಿನ್ನಿನ ಬಿಸಿ ಉಸಿರನ್ನೇ ಮತ್ತೆ ಎಳೆಯುವ ಬೋಳು ಫಿಲ್ಟರನ್ನು ಕೂರಿಸಿದ್ದರು. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಸಾಂದ್ರತೆ ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಹದಿನೇಳು ಡಿಗ್ರಿಗೆ ನೂರಕ್ಕೆ ಐದು. ಕಾರು ಓಡತೊಡಗಿದ ಮೇಲೆ ಒಂದೆರಡು ನಿಮಿಷದಲ್ಲಿ ಇದು ಸರಿಹೋಗುತ್ತದೆ, ನಿಜ. ಆದರೆ ಬೆಂಗಳೂರಿನಲ್ಲಿ ಕಾರು ಓಡುವ ಹೊತ್ತು ಹೆಚ್ಚೋ, ನಿಲ್ಲುವ ಹೊತ್ತು ಹೆಚ್ಚೋ?

ಇನ್ನು ಆ ಎಂಟು ಬಿಎಚ್‌ಪಿ. ಅಂಗಡಿಯವರು ಡೈನೊ (ಚಕ್ರಗಳನ್ನು ಉರುಳೆಯ ಮೇಲೆ ತಿರುಗಿಸಿ ಕಾರಿನ ಶಕ್ತಿ ಅಳೆಯುವ ಯಂತ್ರ) ಪರೀಕ್ಷೆಯ ಎರಡು ಹಾಳೆ ಕೊಟ್ಟಿದ್ದರು. ಮೊದಲನೆಯದು ಮಧ್ಯಾಹ್ನ 3.40ರದ್ದು, ಎರಡನೆಯದು ಮರುದಿನ ಬೆಳಗ್ಗೆ 9.10ರದ್ದು. ಬಿಸಿಲಿನಲ್ಲಿ ನಿಂತು ಕಾದ ಕಾರನ್ನು ರಾತ್ರಿಯೆಲ್ಲ ತಣಿದ ಕಾರಿನೊಂದಿಗೆ ಹೋಲಿಸಿದ್ದಾರೆ. ಮೊದಲ ಓಟದಲ್ಲಿ ಇದ್ದದ್ದು 30,000 ಕಿಲೋಮೀಟರ್ ಓಡಿದ, ಒಮ್ಮೆಯೂ ಬದಲಿಸದ ಫಿಲ್ಟರ್. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತ್ತು. ಈಗಿನ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೆ ಮೈಲೇಜ್ ಹೆಚ್ಚೇನೂ ಬದಲಾಗುವುದಿಲ್ಲ, ವೇಗ ಪಡೆಯುವ ಸಾಮರ್ಥ್ಯ ಮಾತ್ರ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ ಎಂಬುದು ಅವರು ಕಂಡದ್ದು. ಆ ಲಾಭವನ್ನು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕಾಗದದ ಫಿಲ್ಟರ್ ಕೂಡ ಕೊಡುತ್ತದೆ.

ಇದಕ್ಕಿಂತ ದೊಡ್ಡ ವಿಷಯ ತಿದ್ದುಪಡಿಯದು. ಊರಿಂದೂರಿಗೆ ಗಾಳಿ ಬೇರೆಯಾದ್ದರಿಂದ ಡೈನೊದ ಅಂಕಿಯನ್ನು ಒಂದು ನಿಗದಿತ ಸ್ಥಿತಿಗೆ ತಿದ್ದಿ ಬರೆಯುವುದು ರೂಢಿ. ಎಸ್‌ಎಇ ಜೆ1349 ಎಂಬ ಮಾನದಂಡದಲ್ಲಿ ಅದು 25 ಡಿಗ್ರಿ ಉಷ್ಣತೆ, 99 ಕಿಲೋಪ್ಯಾಸ್ಕಲ್ ಒತ್ತಡ. ನಮ್ಮದು 91. ಅಂದರೆ ಬೆಂಗಳೂರಿನಲ್ಲಿ ಈ ತಿದ್ದುಪಡಿಯೊಂದೇ ಅಂಕಿಯನ್ನು ನೂರಕ್ಕೆ ಹತ್ತರಷ್ಟು ಮೇಲಕ್ಕೆ ಒಯ್ಯುತ್ತದೆ. ಎರಡು ಹಾಳೆಗಳಲ್ಲಿ ಒಂದಕ್ಕೆ ಮಾತ್ರ ಅದನ್ನು ಹಾಕಿದರೆ, ಒಂದು ಸ್ಕ್ರೂ ಕೂಡ ಮುಟ್ಟದೆ ಆರೇಳು ಬಿಎಚ್‌ಪಿ ಹುಟ್ಟುತ್ತದೆ. ಹುಡುಗನ ಎರಡೂ ಹಾಳೆಗಳಲ್ಲಿ ತಿದ್ದುಪಡಿಯ ಸಾಲು ಖಾಲಿಯಿತ್ತು. ನಮ್ಮ ಕಾರ್ಖಾನೆಗೆ ಯಾರಾದರೂ ಇಂಥ ತಪಾಸಣಾ ಹಾಳೆ ತಂದಿದ್ದರೆ ಮಾಲನ್ನು ಗೇಟಿನಿಂದಲೇ ವಾಪಸು ಕಳುಹಿಸುತ್ತಿದ್ದೆವು.

ನನಗೆ ಶಕ್ತಿಗಿಂತ ಹೆಚ್ಚು ಚಿಂತೆ ತಂದದ್ದು ದೂಳು. ಕಿಟ್ಟನ್ನು ಕೊನೆಯ ಸಲ ಬಿಚ್ಚಿದಾಗ ಅಲ್ಯೂಮಿನಿಯಂ ಕೊಳವೆಯ ಒಳಗೆ, ಅಂದರೆ ಫಿಲ್ಟರ್ ದಾಟಿದ ಮೇಲಿನ ಭಾಗದಲ್ಲಿ, ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿದೆ. ಬಟ್ಟೆಯ ಮೇಲೆ ಬೂದುಗೆಂಪು ಗೆರೆ ಮೂಡಿತು. ಎರಡು ಬೆರಳ ನಡುವೆ ಉಜ್ಜಿದರೆ ನುಣ್ಣಗಿನ ಮರಳಿನ ಕರಕರ. ಎರಡೇ ತಿಂಗಳಿನದು. ಹಳೆಯ ಕೊಳವೆಯಲ್ಲಿ ವರ್ಷಗಟ್ಟಲೆ ಓಡಿದ ಮೇಲೂ ಬಟ್ಟೆ ಬೆಳ್ಳಗೇ ಬಂದಿತ್ತು. ದೂಳು ಬಟ್ಟೆಯ ಫಿಲ್ಟರನ್ನು ನುಸುಳಿತೋ, ಸರಿಯಾಗಿ ಕೂರದ ಕ್ಲ್ಯಾಂಪಿನ ಸಂದಿಯಿಂದ ಬಂತೋ, ಎಂಜಿನ್ನಿಗೆ ಎರಡೂ ಒಂದೇ. ಮರಳಿನ ಕಣ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪೊರೆ ಕೆಲವೇ ಮೈಕ್ರಾನ್ ದಪ್ಪ. ಆ ಜಾಗಕ್ಕೆ ಮರಳು ಸೇರಿದರೆ ಆಗುವುದು ಸಾಣೆ ಹಿಡಿಯುವ ಕೆಲಸವೇ. ಮೆಟ್ರೊ ಕಾಮಗಾರಿ, ಅಗೆದು ಬಿಟ್ಟ ರಸ್ತೆ, ಜಲ್ಲಿಪುಡಿ ಚೆಲ್ಲುತ್ತ ಹೋಗುವ ಲಾರಿಗಳ ಈ ಊರಿನಲ್ಲಿ ಗಾಳಿ ಸಲೀಸಾಗಿ ಹೋಗಲಿ ಎಂದು ದೂಳಿಗೂ ಬಾಗಿಲು ತೆರೆಯುವುದು ಎಂಥ ವ್ಯಾಪಾರ?

ಇನ್‌ಟೇಕ್ ಎಂಬುದೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಟರ್ಬೊ ಕಾರಿಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಿ ಒತ್ತಡ ಏರಿಸಿದವರಿಗೆ, ಕ್ಯಾಮ್‌ಶಾಫ್ಟ್, ಎಕ್ಸಾಸ್ಟ್ ಎಲ್ಲ ಬದಲಿಸಿ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಕಾರ್ಖಾನೆಯ ಪೆಟ್ಟಿಗೆ ನಿಜವಾಗಿಯೂ ಇಕ್ಕಟ್ಟಾಗಬಹುದು. ಅಂಥವರು ಅಳೆದೇ ಹಾಕಿಸುತ್ತಾರೆ. ನನ್ನ ಸಿಟ್ಟೆಲ್ಲ, ಮನೆಯಿಂದ ಕಚೇರಿಗೆ ಓಡುವ ಸಾಧಾರಣ ಕಾರಿನ ಹುಡುಗರಿಗೆ ಅದೇ ಮಾತು ಹೇಳಿ ಅವರ ಒಂದು ತಿಂಗಳ ಉಳಿತಾಯವನ್ನು ಕಿತ್ತುಕೊಳ್ಳುವವರ ಮೇಲೆ. ಕಿಟ್ ಮಾರುವ ಯಾರೇ ಆಗಲಿ, ಒಂದೇ ದಿನ, ಒಂದೇ ಕಾರಿನಲ್ಲಿ, ಹೊಸ ಕಾಗದದ ಫಿಲ್ಟರಿನೊಂದಿಗೆ ಹೋಲಿಸಿ, ಮೂರು ಸರದಿ ಓಡಿಸಿ ತೋರಿಸಲಿ. ಗಾಳಿಯ ಉಷ್ಣತೆ, ತಿದ್ದುಪಡಿಯ ಹೆಸರು ಎರಡೂ ಹಾಳೆಯ ಮೇಲಿರಲಿ. ಅಷ್ಟನ್ನು ಕೇಳುವ ಹಕ್ಕು ಹಣ ಕೊಡುವವನಿಗೆ ಇದೆ.

ಹುಡುಗನ ಕಾರಿಗೆ ಹಳೆಯ ಪೆಟ್ಟಿಗೆ ಮರಳಿ ಕೂತಿದೆ. ಕಿಟ್ ನಮ್ಮ ಮನೆಯ ಅಟ್ಟದ ಮೇಲಿದೆ, ಇನ್ನೊಬ್ಬರಿಗೆ ಮಾರಲು ಅವನು ಒಪ್ಪಲಿಲ್ಲ. ಬರುವ ತಿಂಗಳು ಅವನೂ ನಾನೂ ಟರ್ಬೊ ಕಾರೊಂದನ್ನು ಇದೇ ರೀತಿ ಅಳೆಯಬೇಕೆಂದಿದ್ದೇವೆ. ಕಿಟ್ ಹಾಕಿಸಿರುವ, ಹಳೆಯ ಪೆಟ್ಟಿಗೆಯನ್ನು ಇನ್ನೂ ಇಟ್ಟುಕೊಂಡಿರುವ ಯಾರಾದರೂ ಇದ್ದರೆ ತಿಳಿಸಿ. ಭಾನುವಾರ ಬೆಳಗಿನ ಐದೂವರೆಗೆ ಹೊರಡುತ್ತೇವೆ. ರೀಡರ್, ಸ್ಪ್ಯಾನರ್, ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ.