ಅರಮನೆಯ ಅಡುಗೆಮನೆ ಎಲ್ಲಿ?

ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ನಮ್ಮ ಜನ ದೇವರಿಗೊಂದು ಕೈ ಮುಗಿದು ನೇರವಾಗಿ ಅಡುಗೆಮನೆಗೆ ನುಗ್ಗುತ್ತಾರೆ. ಕಪಾಟು ತೆರೆಯುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಚ್ಚಲಿನ ನೀರು ಎತ್ತ ಹರಿಯುತ್ತದೆಂದು ಬಗ್ಗಿ ನೋಡುತ್ತಾರೆ. ಈ ಚಪಲ ಗತಿಸಿಹೋದ ದೊಡ್ಡವರ ಮನೆಗಳನ್ನೂ ಬಿಟ್ಟಿಲ್ಲ. ಕುಪ್ಪಳಿಯ ಕವಿಮನೆಯಲ್ಲಿ ನಿಂತು ಗಮನಿಸಿ. ಕುವೆಂಪು ಅವರ ಪ್ರಶಸ್ತಿ, ಪತ್ರಗಳ ಮುಂದೆ ಭಕ್ತಿಯಿಂದ ಸರಿದು ಹೋಗುವವರು ಹಳೆಯ ಪಾತ್ರೆ ಪರಡಿಗಳ ಮುಂದೆ ಬಂದೊಡನೆ ಮಾತಿಗೆ ಶುರು ಮಾಡುತ್ತಾರೆ: ‘ನಮ್ಮಜ್ಜಿಯ ಹತ್ತಿರವೂ ಇಂಥದ್ದೇ ಇತ್ತು, ತೂಕಕ್ಕೆ ಹಾಕಿಬಿಟ್ಟೆವು.’

ಅದೇ ಚಪಲವನ್ನು ಹೊತ್ತುಕೊಂಡು ಚಿತ್ರದುರ್ಗದ ಕೋಟೆ ಹತ್ತಿದರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಮದಕರಿ ನಾಯಕನ ಅರಮನೆ ಎಂದು ತೋರಿಸುವ ಜಾಗದಲ್ಲಿ ಅರಮನೆಯೇ ಇಲ್ಲ. ಏಳು ಸುತ್ತಿನ ಕೋಟೆ ಕಲ್ಲಿನದು, ದೇವಸ್ಥಾನಗಳು ಕಲ್ಲಿನವು. ಹಿಡಿಂಬೇಶ್ವರನೂ ಏಕನಾಥೇಶ್ವರಿಯೂ ಇಂದಿಗೂ ತಣ್ಣಗೆ ತಮ್ಮ ಮನೆಗಳಲ್ಲಿದ್ದಾರೆ. ದೊರೆ ಮಾತ್ರ ಮಣ್ಣು, ಮರ ನಂಬಿದ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮುಂದಿನ ಕೆಲಸಕ್ಕೆ ದಂಡು ಬೇಕಾಗಲಿಲ್ಲ. ಸೂರು ಹೋದ ಮಣ್ಣಿನ ಗೋಡೆಗೆ ಮಳೆಯೇ ಸಾಕು. ಇಷ್ಟಾದರೂ ಉಳಿದಿದೆಯೆಂದರೆ ಅದು ನಮ್ಮ ಬಯಲುಸೀಮೆಯ ಬರ ಮಾಡಿದ ಉಪಕಾರ. ಆಗುಂಬೆಯಲ್ಲಾಗಿದ್ದರೆ ಗೋಡೆಗಳು ಎರಡನೆಯ ಮಳೆಗಾಲ ಕಾಣುತ್ತಿರಲಿಲ್ಲ.

ಹಾಗಾಗಿ ಇಲ್ಲಿನ ಗೈಡ್ ಇರುವುದನ್ನು ತೋರಿಸಿದರೆ ಸಾಲದು. ಬಾಯಿಂದಲೇ ತೊಲೆ ಏರಿಸಬೇಕು, ಜಂತಿ ಹೊದಿಸಬೇಕು, ದೀಪ ಹಚ್ಚಬೇಕು. ನಮಗೆ ಸಿಕ್ಕವರು ಅದರಲ್ಲಿ ನುರಿತವರು. ಕೈಯಲ್ಲಿದ್ದ ಸಣ್ಣ ಕೋಲನ್ನು ಆಕಾಶಕ್ಕೆ ಎತ್ತಿ ‘ಇಲ್ಲಿ ಉಪ್ಪರಿಗೆ’ ಎಂದರೆ ಮಕ್ಕಳು ನಿಜಕ್ಕೂ ತಲೆ ಎತ್ತಿ ನೋಡುತ್ತಿದ್ದವು. ಮಣ್ಣಿನ ಗೋಡೆಯ ಕುಳಿಗಳನ್ನು ತೋರಿಸಿ ತೊಲೆಗಳು ಕೂರುತ್ತಿದ್ದ ಜಾಗ ಎಂದರು. ಹತ್ತಿರ ಹೋಗಿ ನೋಡಿದೆ. ಗೋಡೆಯ ಮೈ ತುಂಬ ಮಳೆನೀರು ಇಳಿದ ಗೀರುಗಳು, ಮಣ್ಣಿನಿಂದ ಹೊರಗೆ ಇಣುಕುವ ಸಣ್ಣ ಬೆಣಚುಕಲ್ಲುಗಳು. ಒಂದು ಕುಳಿಯಲ್ಲಿ ಮೈನಾ ಹಕ್ಕಿ ಹುಲ್ಲು ತುರುಕಿ ಸಂಸಾರ ಹೂಡಿತ್ತು. ಆ ಅರಮನೆಯಲ್ಲಿ ಸದ್ಯ ವಾಸವಿರುವುದು ಅದೊಂದೇ ಕುಟುಂಬ.

ಅಡುಗೆಮನೆ ಎಲ್ಲಿತ್ತು ಎಂದು ಕೇಳಿಯೇಬಿಟ್ಟೆ. ಗೈಡ್ ಕೋಲು ಕೆಳಗಿಳಿಸಿದರು. ‘ಸಾರ್, ದೊರೆಗಳು ಊಟ ಮಾಡುತ್ತಿದ್ದರು ಎನ್ನುವುದಂತೂ ಖಚಿತ. ಎಲ್ಲಿ ಬೇಯುತ್ತಿತ್ತು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.’ ಇಷ್ಟು ಪ್ರಾಮಾಣಿಕವಾದ ಉತ್ತರ ಸಜ್ಜುಗೊಳಿಸಿದ ಮ್ಯೂಸಿಯಂಗಳಲ್ಲಿ ನನಗೆ ಸಿಕ್ಕಿದ್ದು ಕಡಿಮೆ. ಅಲ್ಲಿ ಪ್ರತಿ ಮಂಚಕ್ಕೂ ಒಂದು ಫಲಕ, ಪ್ರತಿ ಫಲಕಕ್ಕೂ ಒಂದು ಹಗ್ಗ.

ಆದರೆ ನನಗೆ ಆ ಹೊತ್ತಿಗೆ ಅನುಮಾನ ಹತ್ತಿತ್ತು: ದುರ್ಗದ ಅಡುಗೆಮನೆ ಕಳೆದುಹೋಗಿಲ್ಲ, ಬೆಟ್ಟದ ತುಂಬ ಚೆಲ್ಲಾಪಿಲ್ಲಿಯಾಗಿದೆ. ಹತ್ತುವ ದಾರಿಯಲ್ಲೇ ಬೀಸುವ ಕಲ್ಲುಗಳಿವೆ. ತಗ್ಗಿನಲ್ಲಿ ನಾಲ್ಕು ದೈತ್ಯ ಕಲ್ಲುಗಳು. ನಮ್ಮ ಗುಂಪಿನ ಒಬ್ಬರು ‘ಎಷ್ಟು ಸೇರು ರಾಗಿ ಹಿಡಿಯುತ್ತಿತ್ತೋ!’ ಎಂದು ಬಾಯಿ ತೆರೆದರು. ರಾಗಿಯಲ್ಲ, ಬೀಸುತ್ತಿದ್ದದ್ದು ಮದ್ದು, ಕೋವಿ ಫಿರಂಗಿಗಳ ಮದ್ದು. ತಿರುಗಿಸಲು ಆನೆ ಕಟ್ಟುತ್ತಿದ್ದರೆಂದು ಗೈಡ್ ಹೇಳಿದರು. ಇನ್ನು ಎಣ್ಣೆಯೂ ಇದೆ. ಡಬ್ಬಿಯಲ್ಲಲ್ಲ, ಎಣ್ಣೆ ಕೊಳದಲ್ಲಿ. ನೀರಿನ ವ್ಯವಸ್ಥೆಯಂತೂ ಇಂದಿನ ಯಾವ ಬಡಾವಣೆಯೂ ನಾಚಬೇಕಾದದ್ದು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಊರಿನ ಸಿಹಿನೀರು ಹೊಂಡಕ್ಕೆ, ಅದೂ ತುಂಬಿದರೆ ಸಂತೆ ಹೊಂಡಕ್ಕೆ. ಮೋಟಾರಿಲ್ಲ, ವಾಲ್ವ್ ತಿರುಗಿಸುವವನಿಗಾಗಿ ಕಾಯುವುದಿಲ್ಲ, ಇಳಿಜಾರೇ ನೀರುಗಂಟಿ. ಗೃಹಪ್ರವೇಶದಲ್ಲಿ ನಲ್ಲಿ ತಿರುಗಿಸಿ ನೋಡುವವರು ಇಲ್ಲಿ ಮೆಚ್ಚಿ ತಲೆದೂಗದೆ ಇರಲಾರರು.

ಒನಕೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಗೈಡ್‌ಗಳು ಅದನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ. ಕಿಂಡಿಯ ಬಳಿ ಬಂದಾಗ ಅವರ ದನಿಯೇ ಬದಲಾಯಿತು. ಕಹಳೆ ಮುದ್ದಹನುಮ ಊಟಕ್ಕೆ ಕುಳಿತದ್ದು, ಓಬವ್ವ ನೀರಿಗೆಂದು ತಣ್ಣೀರು ದೋಣಿಗೆ ಬಂದದ್ದು, ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸಿದ್ದು. ತೆಳ್ಳಗಿನ ಕಾಲೇಜು ಹುಡುಗನೊಬ್ಬನನ್ನು ಕಿಂಡಿಯಲ್ಲಿ ನುಸುಳಿಸಿ, ಕೋಲು ಎತ್ತಿ ಅವನ ತಲೆಯ ಮೇಲೆ ಹೊಡೆದಂತೆ ಅಭಿನಯಿಸಿದರು. ಹುಡುಗ ಚೆನ್ನಾಗಿಯೇ ಸತ್ತ. ಗೆಳೆಯರು ಮೊಬೈಲ್‌ನಲ್ಲಿ ಹಿಡಿದುಕೊಂಡರು.

ನಾನು ಮೆಚ್ಚುವುದು ಈ ಕಥೆಯ ಶೌರ್ಯವನ್ನಷ್ಟೇ ಅಲ್ಲ. ಇಡೀ ಕೋಟೆಯಲ್ಲಿ ನಮಗೆ ನೆನಪಿರುವ ಊಟ ಇದೊಂದೇ, ಅದೂ ದೊರೆಯದಲ್ಲ, ಕಾವಲುಗಾರನದು. ಮದಕರಿ ಏನು ಉಂಡ, ಯಾವ ತಟ್ಟೆಯಲ್ಲಿ ಉಂಡ, ಗೈಡ್ ಹೇಳುವುದಿಲ್ಲ. ಮುದ್ದಹನುಮನಿಗೆ ಊಟದ ನಡುವೆ ನೀರು ಬೇಕಾಗಿತ್ತು ಎನ್ನುವುದು ಕನ್ನಡನಾಡಿನ ಶಾಲೆಯ ಮಕ್ಕಳಿಗೂ ಗೊತ್ತು.

ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ದಾವಣಗೆರೆಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೇಳಿದರು: ‘ಅಲ್ಲಪ್ಪಾ, ಅವನ ಊಟ ಮುಗಿಯಿತೋ ಇಲ್ಲವೋ?’

ಗೈಡ್ ಮೊದಲು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, ಊಟ ಮುಗಿಸಿ ಓಡಿ ಬಂದು ಕಹಳೆ ಊದಿದ ಎಂದರು. ಹೆಂಗಸಿಗೆ ಅದು ಒಪ್ಪಿಗೆಯಾಗಲಿಲ್ಲ. ‘ನೀರಿಲ್ಲದೆ ಹೇಗೆ ಮುಗಿಸಿದ?’ ಎನ್ನುತ್ತಲೇ ಮೆಟ್ಟಿಲು ಇಳಿಯತೊಡಗಿದರು.