ಡಾಕ್ಟರ್ ದೂರ ಇದ್ದಷ್ಟೂ ಮಾತ್ರೆ ಡಬ್ಬಿ ದೊಡ್ಡದು

ಮನೆಯಲ್ಲಿ ಉಳಿದು ಹಾಳಾಗುವ ಮಾತ್ರೆಗಳ ವಿಷಯ ಬಂದರೆ ಎಲ್ಲರೂ ಬೈಯುವುದು ಮನೆಯವರನ್ನೇ. ಸರಿಯಾಗಿ ತಗೊಳ್ಳುವುದಿಲ್ಲ, ಅರ್ಧಕ್ಕೆ ಬಿಡುತ್ತಾರೆ, ಡೇಟ್ ನೋಡುವುದಿಲ್ಲ ಅಂತ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಇಷ್ಟು ಮಾತ್ರೆ ರಾಶಿ ಬೀಳುವುದಕ್ಕೆ ಮನೆಯವರ ಉದಾಸೀನಕ್ಕಿಂತ ದೊಡ್ಡ ಕಾರಣ ಬೇರೆ ಇದೆ ಅಂತ ನನ್ನ ಅಭಿಪ್ರಾಯ. ಆ ಮಾತ್ರೆಗಳಲ್ಲಿ ಎಷ್ಟೋ ಕೊಂಡ ದಿನವೇ ದಂಡಕ್ಕೆ ಬಿದ್ದಿರುತ್ತವೆ.

ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ದೊಡ್ಡ ಕಾಯಿಲೆ ಅಂತಾದರೆ ಭಟ್ಕಳ, ಹೊನ್ನಾವರ, ಕುಮಟಾದವರು ಮಣಿಪಾಲದ ಕಡೆ ಹೊರಡುತ್ತಾರೆ. ಕಾರವಾರದವರು ಗೋವಾ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ. ಶಿರಸಿಯಿಂದ ಹುಬ್ಬಳ್ಳಿಗೇ 100 ಕಿಲೋಮೀಟರ್ ಹತ್ತಿರ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಬಿತ್ತು. ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇದೇ ಫೇಸ್‌ಬುಕ್‌ನಲ್ಲಿ ಎಷ್ಟು ಜನ ಬರೆದರು, ನೆನಪಿದೆ ಅಲ್ವಾ? ನಾನು ಇವತ್ತು ಹೇಳುತ್ತಿರುವುದೂ ಅದೇ ದೂರದ ಕಥೆ. ಸಣ್ಣ ತುಂಡು, ಯಾರೂ ಗಮನಿಸದೇ ಬಿಟ್ಟದ್ದು.

ಅಷ್ಟು ದೂರ ಹೋಗುವುದೆಂದರೆ ಮನೆಯಲ್ಲಿ ಒಬ್ಬರು ರಜೆ ಹಾಕಬೇಕು, ಗಾಡಿ ಮಾಡಬೇಕು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂತ ನಸುಕಿನಲ್ಲೇ ಹೊರಡಬೇಕು. ಹಾಗಾಗಿ ಡಾಕ್ಟರು "ಮೂರು ತಿಂಗಳು ಬಿಟ್ಟು ಬನ್ನಿ" ಅಂದರೆ ನಮಗೆ ಖುಷಿಯೇ. ಕೆಳಗಿಳಿದು ಅಲ್ಲಿಯ ಮೆಡಿಕಲ್‌ನಲ್ಲೇ ಮೂರು ತಿಂಗಳಿಗಾಗುವಷ್ಟು ಕಟ್ಟಿಸಿಕೊಳ್ಳುತ್ತೇವೆ. ಬರೆದ ಕಂಪನಿಯದ್ದು ನಮ್ಮೂರಲ್ಲಿ ಸಿಗುತ್ತದೋ ಇಲ್ಲವೋ ಅನ್ನುವ ಹೆದರಿಕೆ ಬೇರೆ. ಕಂಪನಿ ಬೇರೆಯಾದರೂ ಒಳಗಿನ ಔಷಧ ಒಂದೇ ಅಂತ ಆ ಗಡಿಬಿಡಿಯಲ್ಲಿ ಕೂರಿಸಿ ಹೇಳುವವರು ಯಾರು?

ಹಳೇ ಮಾತ್ರೆಯಾದರೆ ಇದರಲ್ಲಿ ತಪ್ಪೇನಿಲ್ಲ. ತೊಂದರೆ ಹೊಸದಾಗಿ ಶುರು ಮಾಡಿದ ಮಾತ್ರೆಯದ್ದು. ಬಿಪಿಗೆ ಕೊಡುವ ರಾಮಿಪ್ರಿಲ್ ತಗೊಳ್ಳಿ. ಕೆಲವರಿಗೆ ಅದರಿಂದ ಬಿಡದ ಒಣ ಕೆಮ್ಮು ಬರುತ್ತದೆ. ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ, ಅಂಥವರಿಗೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಆದರೆ ಕೆಮ್ಮು ಶುರುವಾಗಿ, ಊರಿನ ಡಾಕ್ಟರಿಗೆ ತೋರಿಸಿ, ಮಾತ್ರೆ ಬದಲಾಗುವಷ್ಟರಲ್ಲಿ ಹಳೆಯದರ ಐದಾರು ಸ್ಟ್ರಿಪ್ ಮನೆಯಲ್ಲೇ ಕೂತಿರುತ್ತದೆ. ಥೈರಾಯ್ಡ್ ಮಾತ್ರೆಯದ್ದೂ ಹೀಗೇ. ಶುರು ಮಾಡಿದ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತದಲ್ಲಿ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಎಷ್ಟಿದೆ ನೋಡಿ ಡೋಸ್ ಹೆಚ್ಚುಕಡಿಮೆ ಮಾಡುವುದು ಮಾಮೂಲು ಪದ್ಧತಿ. ಮಾತ್ರೆ ಬರುವುದು ಮಾತ್ರ ನೂರು, ನೂರಿಪ್ಪತ್ತರ ಡಬ್ಬಿಯಲ್ಲಿ. ಡೋಸ್ 25 ಮೈಕ್ರೋಗ್ರಾಂನಿಂದ 50ಕ್ಕೆ ಹೋದರೆ ಹಳೇ ಡಬ್ಬಿ ಕಪಾಟಿಗೆ. ಹಳೆಯದನ್ನೇ ಎರಡೆರಡು ತಗೊಂಡು ಮುಗಿಸಬಹುದಾ ಅಂತ ಡಾಕ್ಟರನ್ನು ಒಂದು ಮಾತು ಕೇಳಿದರೆ ಎಷ್ಟೋ ಸಲ ಆಗುತ್ತದೆ ಅಂತಲೇ ಹೇಳುತ್ತಾರೆ. ನಾವು ಕೇಳುವುದಿಲ್ಲ, ಅವರಿಗೂ ಹೊಳೆಯುವುದಿಲ್ಲ. (ಕೇಳದೇ ನೀವೇ ಲೆಕ್ಕ ಹಾಕಬೇಡಿ ಮತ್ತೆ.)

ನಮ್ಮ ಅತ್ತೆಯ ಡಬ್ಬಿಯೊಂದಿದೆ. ಭಟ್ಕಳದ ಪರಿಚಯದವರು ದುಬೈಯಿಂದ ತಂದುಕೊಟ್ಟ ಚಾಕಲೇಟಿನ ತಗಡಿನ ಡಬ್ಬಿ. ಅದನ್ನು ಮೊನ್ನೆ ಜಗಲಿಯಲ್ಲಿ ಸುರುವಿ ಕೂತೆ. ಬಿಪಿಯ ಟೆಲ್ಮಿಸಾರ್ಟನ್ 20, ಈಗ ಅವರಿಗೆ 40. ಪ್ಯಾಂಟಪ್ರಜೋಲ್ ಅಂತೂ ಬೇಕಾದಷ್ಟು, ಯಾವ ಕಾಯಿಲೆಗೆ ಹೋದರೂ ಹೊಟ್ಟೆಗೆ ಅಂತ ಅದೊಂದನ್ನು ಬರೆದೇ ಬರೆಯುತ್ತಾರಲ್ಲ. ಕಣ್ಣಿನ ಪೊರೆ ಆಪರೇಷನ್ ಆದಾಗಿನ ಡ್ರಾಪ್ಸ್, ಅರ್ಧ ಬಾಟಲಿ. ಓಪನ್ ಮಾಡಿ ತಿಂಗಳಾದರೆ ಎಸೆಯಿರಿ ಅಂತ ಅದರ ಮೇಲೇ ಬರೆದಿತ್ತು. ಎರಡೇ ಮಾತ್ರೆ ಉಳಿದ ಅಜಿತ್ರೊಮೈಸಿನ್ ಸ್ಟ್ರಿಪ್. ಒಂದು ಸ್ಟ್ರಿಪ್ಪಿನ ತುದಿ ಕತ್ತರಿಸಿ ಹೋಗಿ ಹೆಸರೂ ಇಲ್ಲ, ಡೇಟೂ ಇಲ್ಲ. ಬಿಳಿ ಮಾತ್ರೆ ಅಂತ ಮಾತ್ರ ಗೊತ್ತು.

"ಇರ್ಲಿ ಬಿಡೆ, ಯಾರಿಗಾದ್ರೂ ಬೇಕಾಗ್ತು. ದುಡ್ಡು ಕೊಟ್ಟಿದ್ದು ಅಲ್ದಾ" ಅಂದರು ಅತ್ತೆ.

ಈ ಮಾತನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಪೆನ್ಷನ್ ದುಡ್ಡಿನಲ್ಲಿ ಕೊಂಡ ಸಾಮಾನು, ಕಸ ಅಂತ ಒಪ್ಪಿಕೊಳ್ಳುವುದು ಹೇಗೆ? ಆದರೆ ಯಾರಿಗಾದರೂ ಬೇಕಾಗುವ ಸಾಮಾನು ಅದಲ್ಲ. ಆ ಎರಡು ಅಜಿತ್ರೊಮೈಸಿನ್ ನಾಳೆ ಪಕ್ಕದ ಮನೆಯ ಹುಡುಗನ ಶೀತಕ್ಕೆ ಹೋಗುತ್ತದೆ. ಶೀತಕ್ಕೆ ಕಾರಣ ವೈರಸ್. ಆ್ಯಂಟಿಬಯಾಟಿಕ್ ಅದಕ್ಕೆ ಏನೂ ಮಾಡುವುದಿಲ್ಲ, ಎರಡು ಮಾತ್ರೆಯ ಅರೆಕೊರೆ ಡೋಸ್ ಬ್ಯಾಕ್ಟೀರಿಯಾಗಳಿಗೆ ಔಷಧವನ್ನು ಅಭ್ಯಾಸ ಮಾಡಿಸುತ್ತದೆ ಅಷ್ಟೇ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೇ ತಗೊಳ್ಳಬೇಡಿ ಅಂತ ಸರ್ಕಾರ 2016ರಿಂದಲೇ ಹೇಳುತ್ತಿದೆ. ಆ ಗೆರೆ ನಮ್ಮ ಕಣ್ಣಿಗೆ ಬರೀ ಡಿಸೈನ್.

ಇನ್ನು ನಮ್ಮ ಹವೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಆಷಾಢದಲ್ಲಿ ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಮಾತ್ರೆ ಮಾತ್ರ ಗಟ್ಟಿ ಇರುತ್ತದಾ? ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆ್ಯಂಟಿಬಯಾಟಿಕ್ ತೇವ ತಾಗಿದರೆ ಬೇಗ ಕೆಡುವ ಔಷಧ. ಅದರ ಮಕ್ಕಳ ಸಿರಪ್‌ಗೆ ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಒಂದು ವಾರ ಮಾತ್ರ. ಡಬ್ಬಿಯೊಳಗಿನ ಆ್ಯಸ್ಪಿರಿನ್ ವಿನೆಗರ್ ವಾಸನೆ ಹೊಡೆಯುತ್ತಿದ್ದರೆ ಅದು ಕೆಟ್ಟಿದೆ ಅಂತಲೇ ಅರ್ಥ, ಡೇಟ್ ಇನ್ನೂ ಇದ್ದರೂ. ಬಡವರಿಗೆ ಕೊಟ್ಟರೆ ಪುಣ್ಯ ಅಲ್ವಾ ಅನ್ನುವವರಿಗೂ ಇದೇ ನನ್ನ ಉತ್ತರ. ಒಡೆಯದ ಪೂರ್ತಿ ಸ್ಟ್ರಿಪ್, ಡೇಟ್ ಇರುವಂಥದ್ದು, ಪರಿಚಯದ ಡಾಕ್ಟರ್ ಪರೀಕ್ಷಿಸಿ ತಗೊಂಡರೆ ಸಂತೋಷ. ಆದರೆ ಅದು ಇಷ್ಟು ದಿನ ಬಚ್ಚಲ ಪಕ್ಕದ ಗೂಡಿನಲ್ಲಿತ್ತೋ ಬಿಸಿಲು ಬೀಳುವ ಕಿಟಕಿಯಲ್ಲಿತ್ತೋ ನೋಡಿದವರು ಯಾರು? ನಮ್ಮ ಮನೆಯಲ್ಲಿ ಬೇಡವಾದ ಅನುಮಾನದ ಮಾತ್ರೆ ಬಡವರ ಹೊಟ್ಟೆಗಾದರೆ ನಡೆಯುತ್ತದೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಕಡಿಮೆ ಕೊಂಡರಾಯ್ತಲ್ಲ? ಕೊಡಬೇಕಲ್ಲ! ಐದು ಮಾತ್ರೆ ಸಾಕು ಅಂದರೆ ಕೆಲವು ಮೆಡಿಕಲ್‌ನಲ್ಲಿ "ಕಟ್ ಮಾಡೂದಿಲ್ಲ ಅಕ್ಕಾ, ಪೂರ್ತಿ ಸ್ಟ್ರಿಪ್ ತಗೊಳ್ಳಿ" ಅನ್ನುತ್ತಾರೆ. ಅವರದ್ದೂ ಒಂದು ಸಂಕಟ ಇದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಅಚ್ಚಾಗಿರುವುದು ಸ್ಟ್ರಿಪ್ಪಿನ ಒಂದೇ ಕಡೆ. ಕತ್ತರಿಸಿದ ಮೇಲೆ ಉಳಿದ ತುಂಡಿನಲ್ಲಿ ಅದು ಇಲ್ಲದಿದ್ದರೆ ಮುಂದಿನ ಗಿರಾಕಿ ತಗೊಳ್ಳುವುದಿಲ್ಲ, ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಇದಕ್ಕೆ ಒಂದು ದಾರಿ ಹೇಳಿತ್ತು. ಸ್ಟ್ರಿಪ್ಪಿಗೆ ಹರಿಯಲು ಸುಲಭವಾಗುವಂತೆ ತೂತಿನ ಗೆರೆ ಇರಲಿ, ಡೇಟನ್ನು ಎಲ್ಲ ಕಡೆ ಕಾಣುವಂತೆ ಅಚ್ಚು ಹಾಕಿ ಅಂತ. ಅಂಚೆ ಚೀಟಿಯಲ್ಲಿ ತೂತಿನ ಗೆರೆ ಇರುತ್ತದಲ್ಲ, ಹಾಗೆ. ನಮ್ಮ ಕೈಗೆ ಬರುವ ಸ್ಟ್ರಿಪ್‌ಗಳಲ್ಲಿ ನನಗಂತೂ ಇನ್ನೂ ಅದು ಕಂಡಿಲ್ಲ. ಮಾತ್ರೆಗೆ ನಾಲ್ಕು ಬಣ್ಣದ ಹೊದಿಕೆ ಹಾಕುವ ಕಂಪನಿಗಳಿಗೆ ಒಂದು ಗೆರೆ ಹೊಡೆಯುವುದು ಅಷ್ಟು ಕಷ್ಟವಾ?

ಸರಿ, ಉಳಿದದ್ದು ಉಳಿಯಿತು. ಅದನ್ನು ಏನು ಮಾಡುತ್ತೇವೆ?

ಘಟ್ಟದ ಮೇಲೆ, ಕೆಳಗೆ, ನಮ್ಮ ಹಳ್ಳಿಮನೆಗಳಲ್ಲಿ ಸುಲಭದ ಉತ್ತರ ಬಚ್ಚಲ ಒಲೆ. ಹಂಡೆಯ ಕೆಳಗೆ ಬೆಂಕಿ ಹೇಗೂ ಇರುತ್ತದೆ, ಅಡಿಕೆ ಹಾಳೆ, ತೆಂಗಿನ ಗರಿಯ ಜೊತೆ ಸ್ಟ್ರಿಪ್ಪೂ ಒಳಗೆ. ಸ್ಟ್ರಿಪ್ ಅಂದರೆ ಹೆಚ್ಚಿನವು ಪಿವಿಸಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆ. ಪಿವಿಸಿ ಸುಟ್ಟರೆ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ, ಒಲೆಯ ಕಡಿಮೆ ಬಿಸಿಗೆ ಡಯಾಕ್ಸಿನ್‌ನಂಥ ವಿಷವೂ ಹುಟ್ಟುತ್ತದೆ. ಆಮೇಲೆ ಅದೇ ಬೂದಿ ಬಸಳೆ ಬುಡಕ್ಕೆ. ಅಸ್ತಮಾದ ಇನ್‌ಹೇಲರ್ ಒಲೆಗೆ ಹಾಕುವವರಿಗಂತೂ ಕೈಮುಗಿದು ಹೇಳುತ್ತೇನೆ, ಅದು ಒತ್ತಡ ತುಂಬಿದ ಡಬ್ಬಿ, ಸಿಡಿಯುತ್ತದೆ.

ಎರಡನೇ ದಾರಿ ಟಾಯ್ಲೆಟ್. ಪೇಟೆಯವರಿಗೆ ಫ್ಲಶ್ ಮಾಡಿದ ಕೂಡಲೇ ಅದು ಕಣ್ಣಿಂದ ಮರೆ. ನಮಗೆ ಹಾಗಲ್ಲ. ನಮ್ಮ ಗುಂಡಿಯೂ ನಮ್ಮ ಬಾವಿಯೂ ಒಂದೇ ಹಿತ್ತಲಿನಲ್ಲಿ ಇರುತ್ತವೆ, ನಡುವೆ ಇರುವುದು ನೀರು ಇಂಗುವ ಚಿರೇಕಲ್ಲಿನ ಭೂಮಿ. ಉಳಿದದ್ದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಅದು ಸಮುದ್ರ ಸೇರುವ ಅಳಿವೆಗೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಫೋಟೋ ಹಾಕಿ ಹೆಮ್ಮೆಪಟ್ಟೆವು. ಅಲ್ಲಿಯ ಬಳಚು (ಚಿಪ್ಪುಮೀನು) ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಮೈಯೊಳಗೆ ಹಾದೇ ಹೋಗಬೇಕು. ಒಂದು ಔಷಧ ಕೆಲಸ ಮುಗಿಸಿ ಸುಮ್ನೆ ಮಾಯವಾಗುವುದಿಲ್ಲ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಮೈಕೈ ನೋವಿಗೆ ನಾವು ನುಂಗುವ ಡೈಕ್ಲೋಫೆನಾಕನ್ನೇ ದನಗಳಿಗೂ ಕೊಡುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಅವು ಹೆಚ್ಚುಕಡಿಮೆ ನಿರ್ನಾಮವಾದವು. 2006ರಲ್ಲಿ ದನಗಳ ಚಿಕಿತ್ಸೆಗೆ ಅದನ್ನು ನಿಷೇಧಿಸುವಷ್ಟರಲ್ಲಿ ತಡವಾಗಿತ್ತು. ಅದು ಮನೆಯಿಂದ ಹೋದ ಮಾತ್ರೆ ಅಲ್ಲ, ನಿಜ. ಆದರೆ ಮದ್ದು ಹೋಗಿ ಎಲ್ಲಿ ಸೇರುತ್ತದೆ ಅಂತ ಮೊದಲೇ ಊಹಿಸಿದವರು ಯಾರೂ ಇರಲಿಲ್ಲ.

ಫ್ಲಶ್‌ಗೆ ಒಂದು ವಿನಾಯಿತಿ ಇದೆ, ಹೇಳಿಬಿಡುತ್ತೇನೆ. ಫೆಂಟನಿಲ್, ಟ್ರಮಡಾಲ್‌ನಂಥ ಗಟ್ಟಿ ನೋವಿನ ಔಷಧಗಳು ಬೇರೆಯವರ ಕೈಗೆ ಸಿಕ್ಕರೆ ಜೀವಕ್ಕೇ ಅಪಾಯ. ಅಂಥ 17 ಔಷಧಗಳನ್ನು ಮಾತ್ರ ಫ್ಲಶ್ ಮಾಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಕೊಟ್ಟಿದೆ. ಕ್ಯಾನ್ಸರ್ ರೋಗಿ ತೀರಿಹೋದ ಮನೆಗಳಲ್ಲಿ ಇವು ಉಳಿದಿರುತ್ತವೆ. ಮಿಕ್ಕಿದ್ದೆಲ್ಲ ಬೇಡ.

ಮೂರನೆಯದು ಪಂಚಾಯ್ತಿಯ ಸ್ವಚ್ಛ ವಾಹಿನಿ. ನಮ್ಮ ಕಡೆ ಗಾಡಿ ಓಡಿಸುವುದೂ ಕಸ ವಿಂಗಡಿಸುವುದೂ ಸ್ವಸಹಾಯ ಸಂಘದ ಹೆಂಗಸರು. ನಾನು ಅವರಲ್ಲಿ ಒಬ್ಬರನ್ನು ಕೇಳಿದೆ, ಮಾತ್ರೆ ಸಿಕ್ಕರೆ ಏನು ಮಾಡುತ್ತೀರಿ ಅಂತ. "ಮಾತ್ರೆದ್ದು ಬಿಡಿ ಅಕ್ಕಾ, ಸೂಜಿದೇ ಹೆದ್ರಿಕೆ. ಡಯಾಪರ್ ಒಳಗೆ ಸುತ್ತಿ ಹಾಕ್ತಾರೆ, ಕೈಗೆ ಚುಚ್ಚಿದ್ಮೇಲೇ ಗೊತ್ತಾಗೂದು" ಅಂದರು. ಅವರ ಬೆರಳಲ್ಲಿ ಗ್ಲೌಸ್ ಇತ್ತು, ತೆಳ್ಳಗಿನದು, ತೋರುಬೆರಳಿನ ಹತ್ತಿರ ಹರಿದಿತ್ತು. ಇನ್ಸುಲಿನ್ ತಗೊಳ್ಳುವ ಮನೆಯವರು ದಯವಿಟ್ಟು ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಾಗಿ ತಿರುಗಿಸಿ, ಸೂಜಿ ಇದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಮಾತ್ರೆಗಳನ್ನು ಎಸೆಯಲೇಬೇಕಾಗಿ ಬಂದರೆ ಸ್ಟ್ರಿಪ್ಪಿನಿಂದ ಬಿಡಿಸಿ, ಮಣ್ಣಿನಲ್ಲೋ ಚಹಾ ಚರಟದಲ್ಲೋ ಕಲಸಿ, ಕಟ್ಟಿ, ಬೇರೆಯಾಗಿ ಕೊಡಿ. ನಾಯಿ, ಮಕ್ಕಳು ಬಾಯಿಗೆ ಹಾಕದ ಹಾಗೆ ಆಗುತ್ತದೆ. ಅಷ್ಟೇ ಅದರ ಉಪಯೋಗ, ಅದು ಪೂರ್ತಿ ಪರಿಹಾರ ಅಲ್ಲ.

ಪರಿಹಾರ ಕಾಗದದ ಮೇಲೆ ಯಾವತ್ತೋ ಇದೆ. 2016ರ ಘನತ್ಯಾಜ್ಯ ನಿಯಮದಲ್ಲೇ ಡೇಟ್ ಮುಗಿದ ಔಷಧ, ಬಳಸಿದ ಸೂಜಿ, ಒಡೆದ ಥರ್ಮಾಮೀಟರ್ ಎಲ್ಲವನ್ನೂ ಮನೆಯ ಅಪಾಯಕಾರಿ ಕಸ ಅಂತ ಬೇರೆ ಹೆಸರಿಟ್ಟು ಬರೆದಿದ್ದರು. ಪೇಟೆಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದರಂತೆ ಅದನ್ನು ತಗೊಳ್ಳುವ ಕೇಂದ್ರ ಇರಬೇಕು ಅಂತಲೂ ಅದರಲ್ಲಿತ್ತು. ಹತ್ತಿರದ ಪೇಟೆಯಲ್ಲಿ ಅದೆಲ್ಲಿದೆ ಅಂತ ಕೇಳಿದಾಗ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯೇ 2025ರಲ್ಲಿ ಕೋಳಿಕ್ಕೋಡ್‌ನಿಂದ ‘ಎನ್‌ಪ್ರೌಡ್’ ಅಂತ ಶುರು ಮಾಡಿ ಮನೆಗಳ ಹಳೇ ಔಷಧ ಸಂಗ್ರಹಿಸುತ್ತಿದೆ. ಅಲ್ಲೂ ಮಳೆ, ಬಾವಿ, ಅಳಿವೆ ಎಲ್ಲ ನಮ್ಮಂತೆಯೇ.

ನನ್ನ ಬೇಡಿಕೆ ಸಣ್ಣದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಬೀಗ ಹಾಕಿದ ಡಬ್ಬಿ. ಆಸ್ಪತ್ರೆಯ ಡೇಟ್ ಮುಗಿದ ಔಷಧ ಹಳದಿ ಚೀಲಕ್ಕೆ ಹೋಗಿ ಹೆಚ್ಚಿನ ತಾಪದ ಕುಲುಮೆಯಲ್ಲಿ ಸುಡಬೇಕು ಅಂತ ವೈದ್ಯಕೀಯ ತ್ಯಾಜ್ಯದ ನಿಯಮವೇ ಇದೆ. ಆ ಚೀಲ ಒಯ್ಯುವ ಗಾಡಿ ಹೇಗೂ ಬರುತ್ತದೆ. ಊರಿನವರದ್ದೂ ಅದರಲ್ಲೇ ಹೋಗುವಂತೆ ಪಂಚಾಯ್ತಿ ಮತ್ತು ಆರೋಗ್ಯ ಇಲಾಖೆ ಕೂತು ಮಾತಾಡಿದರೆ ಹೊಸ ಗಾಡಿಯೂ ಬೇಡ, ಹೊಸ ಜಾಗವೂ ಬೇಡ. ಖರ್ಚು ಯಾರದ್ದು ಅನ್ನುವ ಜಗಳ ಬಂದೇ ಬರುತ್ತದೆ. ಬರಲಿ, ಜಗಳವಾದರೂ ಶುರುವಾಗಲಿ.

ಮತ್ತೆ ದೂರದ ದೊಡ್ಡ ಆಸ್ಪತ್ರೆಯ ಡಾಕ್ಟರುಗಳಿಗೆ. ಹೊಸ ಮಾತ್ರೆ ಶುರು ಮಾಡುವಾಗ ಮೊದಲು ಹದಿನೈದು ದಿನದ್ದು ಮಾತ್ರ ಬರೆಯಿರಿ. ಉಳಿದದ್ದನ್ನು ನಿಮ್ಮೂರ ಮೆಡಿಕಲ್‌ನಲ್ಲಿ ತಗೊಳ್ಳಿ, ಕಂಪನಿ ಬೇರೆಯಾದರೂ ಅಡ್ಡಿಯಿಲ್ಲ ಅಂತ ಚೀಟಿಯಲ್ಲಿ ಔಷಧದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ತೊಂದರೆಯಾದರೆ ಫೋನ್ ಮಾಡಲು ಒಂದು ನಂಬರ್ ಇರಲಿ. ಹೊನ್ನಾವರದ ಅಜ್ಜನೊಬ್ಬ ಕೆಮ್ಮುತ್ತಿದ್ದಾನೆ ಅಂತ ನಿಮಗೆ ಗೊತ್ತಾಗಲು ಮೂರು ತಿಂಗಳು ಬೇಕಾಗಬಾರದು.